ತೋಟದ ಬೋರ್ಡೋ ಗೊತ್ತು, ಬಾಟಲಿಯ ಬೋರ್ಡೋ ಸವಿಯುವುದು ಹೇಗೆ?

ಮಳೆಗಾಲ ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಸಿಕ್ಕವರೆಲ್ಲ ಕೇಳುವುದು ಒಂದೇ: ‘ಬೋರ್ಡೋ ಹೊಡೆದಾಯ್ತಾ?’ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್. ಕಲಸಿದ ಮೇಲೆ ಕತ್ತಿ ಅದ್ದಿ ನೋಡುತ್ತೇವೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅಡಿಕೆಯ ಕೊಳೆರೋಗಕ್ಕೆ ನಾವು ನಂಬಿರುವ ಈ ಮದ್ದು ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿ.

ಈ ಮದ್ದಿಗೂ ಬಾಟಲಿಯ ವೈನಿಗೂ ಹೆಸರು ಕೊಟ್ಟ ಬೋರ್ಡೋ ಪಟ್ಟಣ ಇರುವುದು ಫ್ರಾನ್ಸಿನ ನೈಋತ್ಯದಲ್ಲಿ. ಪಟ್ಟಣದ ಉತ್ತರಕ್ಕೆ, ಅಟ್ಲಾಂಟಿಕ್ ಸಾಗರಕ್ಕೂ ಜಿರೋಂಡ್ ಅಳಿವೆಗೂ ನಡುವಿನ ನೆಲವೇ ಮೆಡಾಕ್. 1880ರ ದಶಕದಲ್ಲಿ ಅಲ್ಲಿನ ಸ್ಯಾಂ-ಜೂಲಿಯಾಂನಲ್ಲಿ, ದಾರಿಹೋಕರು ಹಣ್ಣು ಕೀಳದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ರೋಗ ಬಂದು ಉಳಿದ ಬಳ್ಳಿಗಳ ಎಲೆ ಉದುರಿದರೂ ಆ ಸಾಲುಗಳು ಹಸಿರಾಗಿಯೇ ಇದ್ದವು. ಅದು ಪಿಯರ್ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿತ್ತು. 1885ರಲ್ಲಿ ಅವರು ಈ ಮದ್ದನ್ನು ಲೋಕಕ್ಕೆ ತಿಳಿಸಿದರು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆ ಗೊನೆಗೂ ಮುಟ್ಟಿಸಿದರು.

ಅದೇ ಮೆಡಾಕ್‌ನ ಕೆಂಪು ವೈನ್ ಬಹಳ ಖಡಕ್. ಕಾರಣ ಕ್ಯಾಬರ್ನೆ ಸೋವಿನ್ಯೋ ದ್ರಾಕ್ಷಿ. ಹಣ್ಣು ಸಣ್ಣದು, ಸಿಪ್ಪೆ ದಪ್ಪ. ನೆಲವೆಲ್ಲ ಜಲ್ಲಿಕಲ್ಲು, ನೀರು ನಿಲ್ಲುವುದಿಲ್ಲ, ಹಗಲಿನ ಬಿಸಿ ರಾತ್ರಿಗೂ ಉಳಿಯುತ್ತದೆ. ಸಿಪ್ಪೆಯ ಜೊತೆಯೇ ರಸ ಹುಳಿಯುವುದರಿಂದ ಬಣ್ಣ, ಒಗರು ಎರಡೂ ಅದರಲ್ಲಿ ಇಳಿಯುತ್ತವೆ. ಸ್ವಲ್ಪ ಮೆತ್ತಗಾಗಲಿ ಎಂದು ಮೆರ್ಲೋ ಎಂಬ ಇನ್ನೊಂದು ದ್ರಾಕ್ಷಿ ಬೆರೆಸುತ್ತಾರೆ. ಆಮೇಲೆ 225 ಲೀಟರಿನ ಓಕ್ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ.

ಮೊದಲು ಬಾಟಲಿ ಆರಿಸಿ. ಬರೀ ‘ಬೋರ್ಡೋ’ ಎಂದಿದ್ದರೆ ಅದು ಆ ಇಡೀ ಸೀಮೆಯದು, ಮೆರ್ಲೋ ಜಾಸ್ತಿ ಇರಬಹುದು. ಖಡಕ್ ಬೇಕೆಂದರೆ ಲೇಬಲ್ ಮೇಲೆ ಮೆಡಾಕ್ ಅಥವಾ ಓ-ಮೆಡಾಕ್ ಹೆಸರು ಹುಡುಕಿ.

ಮನೆಗೆ ತಂದ ಮೇಲೆ ಅಡ್ಡಡ್ಡ ಮಲಗಿಸಿಡಿ, ಕಾರ್ಕ್ ಒಣಗಬಾರದು. ಹಂಚಿನ ಕೆಳಗಿನ ಅಟ್ಟ ಬೇಡ, ಬೇಸಿಗೆಯಲ್ಲಿ ಕಾದು ಕೆಡುತ್ತದೆ. ಮಳೆಗಾಲದಲ್ಲಿ ಲೇಬಲ್ಲಿಗೆ ಬೂಷ್ಟು ಹಿಡಿದರೆ ಹೆದರಬೇಡಿ, ಒರೆಸಿದರೆ ಸಾಕು.

ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. 16ರಿಂದ 18 ಡಿಗ್ರಿ ಇದ್ದರೆ ಚೆಂದ. ಕಾರ್ಕ್ ತೆಗೆದು ಮೂಸಿ ನೋಡಿ. ಒದ್ದೆ ರಟ್ಟಿನ ವಾಸನೆ ಬಂದರೆ ಆ ಬಾಟಲಿ ಕೆಟ್ಟಿದೆ. ಸರಿ ಇದ್ದರೆ ಅಗಲ ಬಾಯಿಯ ಗಾಜಿನ ಜಗ್ಗಿಗೆ ಬಗ್ಗಿಸಿ ಒಂದು ಗಂಟೆ ಗಾಳಿಗೆ ಬಿಡಿ. ಹಳೇ ಬಾಟಲಿಯಲ್ಲಿ ತಳಕ್ಕೆ ಗಸಿ ಕೂತಿರುತ್ತದೆ. ಅದನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ನಿಧಾನ ಬಗ್ಗಿಸಿ, ಗಸಿ ಬರುತ್ತಿದ್ದಂತೆ ನಿಲ್ಲಿಸಿ.

ಲೋಟಕ್ಕೆ ಮೂರನೇ ಒಂದು ಭಾಗ ಮಾತ್ರ ಹಾಕಿ. ತಿರುಗಿಸಿ, ಮೂಸಿ, ಸಣ್ಣ ಗುಟುಕನ್ನು ನಾಲಿಗೆ ತುಂಬ ಆಡಿಸಿ. ನಮ್ಮ ದೊಡ್ಡಪ್ಪ ಮೊದಲ ಗುಟುಕಿಗೇ ಬಾಯಿ ಚಪ್ಪರಿಸಿ, ‘ಇದು ಚೊಗರಲ್ವಾ?’ ಅಂದಿದ್ದರು. ಎಷ್ಟು ಸರಿಯಾದ ಮಾತು! ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಆ ಕಡುಗೆಂಪು ಚೊಗರಿನಲ್ಲಿರುವುದು ಟ್ಯಾನಿನ್, ವೈನಿನ ಒಗರೂ ಟ್ಯಾನಿನ್ನೇ. ಅದು ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಹಸಿ ಅಡಿಕೆ ಅಗಿದು ಬೆಳೆದವರಿಗೆ ಈ ರುಚಿ ಯಾರೂ ಕಲಿಸಬೇಕಿಲ್ಲ. ಒಗರು ಹಿಂದೆ ಸರಿದ ಮೇಲೆ ಕಪ್ಪು ದ್ರಾಕ್ಷಿ, ದೇವದಾರಿನ ಚಕ್ಕೆ, ಸ್ವಲ್ಪ ಹೊಗೆಸೊಪ್ಪು ಒಂದೊಂದಾಗಿ ಗೊತ್ತಾಗುತ್ತವೆ. ಅವಸರ ಮಾಡಬೇಡಿ.

ಜೊತೆಗೆ ಕೊಬ್ಬಿರುವ ಮಾಂಸ ಇರಲಿ. ಮೆಡಾಕ್‌ನ ಪೊಯಾಕ್ ಊರಿನವರು ಅಲ್ಲಿನ ಕುರಿಮರಿ ಮಾಂಸವನ್ನೇ ಇಷ್ಟಪಡುತ್ತಾರೆ. ನಮ್ಮಲ್ಲಿ ಕುರಿ ಮಾಂಸದ ಒಣ ಪಲ್ಯ, ಅಕ್ಕಿ ರೊಟ್ಟಿ ಸಾಕು. ಕೊಬ್ಬು ಬಾಯಿಗೆ ಬಿದ್ದರೆ ಒಗರು ಮೆತ್ತಗಾಗುತ್ತದೆ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ. ಸೂಜಿಮೆಣಸು ಮಾತ್ರ ಕೈಬಿಡಿ, ಖಾರಕ್ಕೆ ಮದ್ಯದ ಉರಿ ಸೇರಿ ರುಚಿಯೇ ಸತ್ತುಹೋಗುತ್ತದೆ. ಮೀನು ಸಾರಿಗೂ ಇದಕ್ಕೂ ಆಗಿಬರುವುದಿಲ್ಲ, ಬಾಯಲ್ಲಿ ಕಬ್ಬಿಣ ನೆಕ್ಕಿದಂತಾಗುತ್ತದೆ.

ಒಂದೆರಡು ಲೋಟಕ್ಕೆ ನಿಲ್ಲಿಸಿ, ಆಮೇಲೆ ಗಾಡಿ ಮುಟ್ಟಬೇಡಿ. ಉಳಿದದ್ದಕ್ಕೆ ಕಾರ್ಕ್ ಬಿಗಿದು ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ಚೆನ್ನಾಗಿರುತ್ತದೆ. ಮರುದಿನ ಒಗರು ಇನ್ನೂ ಸ್ವಲ್ಪ ಇಳಿದಿರುತ್ತದೆ, ನನಗಂತೂ ಆ ಎರಡನೇ ದಿನದ ಲೋಟವೇ ಹೆಚ್ಚು ಇಷ್ಟ.