ಹಳೆಯ ಕಲರಿಮೀಟರನ್ನು ಹೊಸ ಕಂಪ್ಯೂಟರಿಗೆ ಹೊಂದಿಸುವ ಬಗೆ

ನಮ್ಮ ಕರಾವಳಿಯ ಹಳೆಯ ದೇವಸ್ಥಾನಗಳಲ್ಲಿ ಉಳಿದುಕೊಂಡಿರುವ ಕಾವಿ ಚಿತ್ರಗಳ ಫೋಟೋಗಳನ್ನು ಮುದ್ರಣಕ್ಕೆ ಸಿದ್ಧಪಡಿಸುವವರಿಗೆ ಮಾನಿಟರಿನ ಬಣ್ಣ ನಂಬುವಂತಿರಬೇಕು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದನ್ನು ಕೆರೆದು ಕೆಳಗಿನ ಬಿಳುಪನ್ನು ಹೊರತೆಗೆದ ಆ ಚಿತ್ರಗಳಲ್ಲಿ ಇರುವುದು ಎರಡೇ ಬಣ್ಣ. ಆದ್ದರಿಂದ ತಪ್ಪು ಅಡಗಿಕೊಳ್ಳಲು ಜಾಗವೇ ಇಲ್ಲ. ಮಾನಿಟರು ನೀಲಿಯ ಕಡೆಗೆ ಸ್ವಲ್ಪ ವಾಲಿದ್ದರೂ ಕಾವಿ ನೇರಳೆಯಂತೆ ಕಾಣುತ್ತದೆ. ಅದನ್ನು ಸರಿಪಡಿಸಲೆಂದು ಹಳದಿ ಸೇರಿಸಿ ಹುಬ್ಬಳ್ಳಿಗೆ ಕಳುಹಿಸಿದರೆ, ಮುದ್ರಣವಾಗಿ ಬಂದ ಪ್ರತಿಯಲ್ಲಿ ಸುಣ್ಣದ ಗೋಡೆ ಹೊಗೆ ಹಿಡಿದಂತೆ ಇರುತ್ತದೆ. ಕುಮಟಾದಲ್ಲಿ ಕುಳಿತು ಈ ಕೆಲಸ ಮಾಡುವ ನಾನು ಹೊಸ ಕಂಪ್ಯೂಟರು ತಂದ ದಿನ, ಹತ್ತು ವರ್ಷಕ್ಕೂ ಮೀರಿ ಬಳಸಿದ ಕಲರಿಮೀಟರು, ಅಂದರೆ ಪರದೆಯ ಬಣ್ಣ ಅಳೆಯುವ ಉಪಕರಣ, ಅದರಲ್ಲಿ ಗುರುತೇ ಸಿಗದೆ ಕುಳಿತಿತು. ಅದನ್ನು ಮತ್ತೆ ಕೆಲಸಕ್ಕೆ ಹಚ್ಚಿದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಇಂತಹ ಸಂದರ್ಭದಲ್ಲಿ ಕೆಟ್ಟಿರುವುದು ಸಾಮಾನ್ಯವಾಗಿ ಉಪಕರಣವಲ್ಲ, ಅದರ ಜೊತೆಗೆ ಬಂದಿದ್ದ ತಂತ್ರಾಂಶಕ್ಕೆ ಕಾಲ ಮುಗಿದಿರುತ್ತದೆ. 32 ಬಿಟ್ ವಿಂಡೋಸ್‌ಗಾಗಿ ಬರೆದ ಡ್ರೈವರುಗಳನ್ನು (ಉಪಕರಣದೊಂದಿಗೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಕಡತಗಳನ್ನು) 64 ಬಿಟ್ ವಿಂಡೋಸ್ ಸ್ವೀಕರಿಸುವುದಿಲ್ಲ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದ ಮುಂದಕ್ಕೆ 32 ಬಿಟ್ ತಂತ್ರಾಂಶಗಳು ತೆರೆಯುವುದೇ ಇಲ್ಲ. ಆದ್ದರಿಂದ ಹಳೆಯ ಸಿಡಿಯನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡಿ ಸಮಯ ಕಳೆಯಬೇಡಿ, ಆದರೆ ಅದನ್ನು ಎಸೆಯಲೂ ಬೇಡಿ. ಸ್ಪೈಡರ್ 2ರಂತಹ ಕಲರಿಮೀಟರಿನ ಒಳಗೆ ನಡೆಯಬೇಕಾದ ತಂತ್ರಾಂಶ, ಅಂದರೆ ಫರ್ಮ್‌ವೇರ್ ಆ ಸಿಡಿಯಲ್ಲಿಯೇ ಇರುತ್ತದೆ. ಹೊಸ ತಂತ್ರಾಂಶವು ಅದನ್ನು ಅಲ್ಲಿಂದಲೇ ಎತ್ತಿಕೊಳ್ಳಬೇಕಾಗುತ್ತದೆ.

ತಯಾರಕರ ತಂತ್ರಾಂಶದ ಬದಲಿಗೆ ಗ್ರೇಮ್ ಗಿಲ್ ಅವರು ರೂಪಿಸಿದ ಆರ್ಗಿಲ್ ಸಿಎಂಎಸ್ ಎಂಬ ಮುಕ್ತ ತಂತ್ರಾಂಶವನ್ನು ಬಳಸಬಹುದು. ಐ-ಒನ್ ಡಿಸ್‌ಪ್ಲೇ 2, ಹ್ಯೂಯಿ, ಸ್ಪೈಡರ್ 2 ಮತ್ತು 3 ಮುಂತಾದ ಹಳೆಯ ಉಪಕರಣಗಳನ್ನು ಅದು ಗುರುತಿಸುತ್ತದೆ. ಕಮಾಂಡುಗಳನ್ನು ಟೈಪ್ ಮಾಡುವ ರೂಢಿಯಿಲ್ಲದವರು ಅದರ ಮೇಲೆ ಕಟ್ಟಿದ ಡಿಸ್‌ಪ್ಲೇಕ್ಯಾಲ್ ಬಳಸುವುದು ಒಳ್ಳೆಯದು. ಡಿಸ್‌ಪ್ಲೇಕ್ಯಾಲ್‌ನ ಮೂಲ ಆವೃತ್ತಿ ಪೈಥಾನ್ 2 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇರುವುದರಿಂದ, ಹೊಸ ಲಿನಕ್ಸ್ ಇದ್ದವರು ಪೈಥಾನ್ 3ಕ್ಕೆ ಹೊಂದಿಸಿದ ಆವೃತ್ತಿಯನ್ನೇ ಹಾಕಿಕೊಳ್ಳಬೇಕು.

ವಿಂಡೋಸ್‌ನಲ್ಲಿ ಡಿಸ್‌ಪ್ಲೇಕ್ಯಾಲ್‌ನ ಟೂಲ್ಸ್ ಮೆನುವಿನಿಂದ ಆರ್ಗಿಲ್‌ನ ಡ್ರೈವರ್ ಹಾಕಬೇಕು. ಅದರ ಡಿಜಿಟಲ್ ಸಹಿಯನ್ನು (ತಯಾರಕರ ಗುರುತನ್ನು) ವಿಂಡೋಸ್ ಒಪ್ಪದಿದ್ದರೆ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ ಅಡ್ವಾನ್ಸ್ಡ್ ಸ್ಟಾರ್ಟ್‌ಅಪ್ ಆರಿಸಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಮೂಲಕ ಹೋಗಿ 7 ಅಂಕಿಯ ಕೀಲಿಯನ್ನು ಒತ್ತಬೇಕು. ಆಗ ಆ ಒಂದು ಬಾರಿಗೆ ಸಹಿಯ ಪರಿಶೀಲನೆ ನಿಲ್ಲುತ್ತದೆ. ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಚಾಲನೆಯಲ್ಲಿದ್ದರೆ ಈ ಹಂತದಲ್ಲಿ ರಿಕವರಿ ಕೀ ಕೇಳುವ ಸಾಧ್ಯತೆ ಇರುವುದರಿಂದ, ಅದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಆನಂತರವೂ ಉಪಕರಣ ಕಾಣದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅದರ ಹೆಸರಿನ ಮೇಲೆ ಬಲಗುಂಡಿ ಒತ್ತಿ, ಡ್ರೈವರನ್ನು ಪಟ್ಟಿಯಿಂದ ನೀವೇ ಆರಿಸಿ. ಹ್ಯೂಯಿಗೆ ಈ ಯಾವ ತೊಂದರೆಯೂ ಇಲ್ಲ. ಮೌಸ್, ಕೀಬೋರ್ಡುಗಳಂತೆ ಅದಕ್ಕೂ ವಿಂಡೋಸ್‌ನ ಡ್ರೈವರೇ ಸಾಕು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿಯೂ ಪ್ರತ್ಯೇಕ ಡ್ರೈವರ್ ಬೇಕಿಲ್ಲ. ಆದರೆ ಲಿನಕ್ಸ್‌ನಲ್ಲಿ ಪರದೆಯನ್ನು ನಿರ್ವಹಿಸುವ ವೇಲ್ಯಾಂಡ್ ವ್ಯವಸ್ಥೆಯ ಬದಲು ಹಳೆಯ ಎಕ್ಸ್11 ಮೂಲಕ ಲಾಗಿನ್ ಆಗಬೇಕು. ನೀಲಿ ಯುಎಸ್‌ಬಿ ಕಿಂಡಿಯಲ್ಲಿ ಸಂಪರ್ಕ ಕಡಿದುಹೋಗುತ್ತಿದ್ದರೆ ನಡುವೆ ಒಂದು ಯುಎಸ್‌ಬಿ 2.0 ಹಬ್ ಇಟ್ಟು ನೋಡಿ.

ಉಪಕರಣ ಗುರುತಿಗೆ ಸಿಕ್ಕಿತೆಂದ ಮಾತ್ರಕ್ಕೆ ಅದು ಹೇಳುವ ಅಳತೆ ನಿಜವೆಂದು ತಿಳಿಯಬಾರದು. ಬಹುತೇಕರು ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಹಳೆಯ ಕಲರಿಮೀಟರುಗಳ ಒಳಗಿನ ಬಣ್ಣದ ಫಿಲ್ಟರುಗಳು ಸಾವಯವ ವರ್ಣದ್ರವ್ಯದವು; ವಯಸ್ಸಾದಂತೆ, ಅದರಲ್ಲೂ ತೇವಾಂಶ ತಾಗಿದಂತೆ ಅವು ಮಾಸುತ್ತವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ನಮ್ಮ ಊರುಗಳಲ್ಲಿ ಇದನ್ನು ಹಗುರವಾಗಿ ಪರಿಗಣಿಸಲಾಗದು.

ಪರೀಕ್ಷೆಗೆ ಮಾನಿಟರನ್ನು ಅರ್ಧ ಗಂಟೆ ಉರಿಯಲು ಬಿಟ್ಟು, ಅದರ ಮೆನುವಿನಲ್ಲಿ ಎಸ್‌ಆರ್‌ಜಿಬಿ ಎಂಬ ಪ್ರಮಾಣಿತ ಬಣ್ಣದ ಆಯ್ಕೆಯನ್ನು ಹಾಕಿ. ನೈಟ್ ಲೈಟ್, ಎಚ್‌ಡಿಆರ್ ಮತ್ತು ಬೆಳಕನ್ನು ತಾನೇ ಹೊಂದಿಸಿಕೊಳ್ಳುವ ಎಲ್ಲ ಸೌಲಭ್ಯಗಳನ್ನೂ ನಿಲ್ಲಿಸಿ. ಬಳಿಕ, ಕ್ಯಾಲಿಬ್ರೇಷನ್ (ಅಳೆದು ಬಣ್ಣ ತಿದ್ದುವ ಕೆಲಸ) ಮಾಡದ ಪರದೆಯ ವರದಿಯನ್ನು ಡಿಸ್‌ಪ್ಲೇಕ್ಯಾಲ್‌ನಿಂದ ತೆಗೆಯಿರಿ. ಬಿಳಿಯ ಬಣ್ಣವನ್ನು ಸೂಚಿಸುವ ಎರಡು ಅಂಕಿಗಳು ಎಕ್ಸ್ 0.313, ವೈ 0.329ರ ಆಸುಪಾಸಿನಲ್ಲಿ, ಅಂದರೆ ಬಣ್ಣದ ತಾಪಮಾನ ಸುಮಾರು 6500 ಕೆಲ್ವಿನ್ ಹತ್ತಿರ ಇರಬೇಕು. ಕಾರ್ಖಾನೆಯಲ್ಲಿಯೇ ಸರಿಯಾಗಿ ಹೊಂದಿಸಿದ ಮಾನಿಟರನ್ನು ಉಪಕರಣವು 5500 ಎಂದೋ 8000 ಎಂದೋ ಹೇಳಿದರೆ ಅನುಮಾನಿಸಬೇಕಾದದ್ದು ಮಾನಿಟರನ್ನಲ್ಲ. ಒಂದೇ ಬಿಳಿಯನ್ನು ಮೂರು ಸಲ ಅಳೆದಾಗ ಅಂಕಿಗಳು ಪ್ರತಿ ಬಾರಿಯೂ ಬೇರೆಯಾದರೆ ಮಸೂರದ ಮೇಲೆ ಬೂಷ್ಟಿದೆಯೇ, ಉಪಕರಣ ಪರದೆಗೆ ಸರಿಯಾಗಿ ಅಂಟಿ ಕುಳಿತಿದೆಯೇ ಎಂದು ನೋಡಿ. ಪರದೆಯನ್ನು ತುಸು ಹಿಂದಕ್ಕೆ ಬಾಗಿಸಿದರೆ ಅದು ತನ್ನ ಭಾರದಿಂದಲೇ ಕೂರುತ್ತದೆ.

ಇನ್ನೊಂದು ತೊಡಕು ಮಾನಿಟರಿನ ಬೆಳಕಿನ ಮೂಲದ್ದು. ಈ ಉಪಕರಣಗಳು ಬಂದ ಕಾಲದ ಮಾನಿಟರುಗಳ ಹಿಂದೆ ಫ್ಲೋರೊಸೆಂಟ್ ಕೊಳವೆ ಉರಿಯುತ್ತಿತ್ತು, ಈಗ ಎಲ್ಇಡಿ ಇದೆ. ವರ್ಣಪಟಲ ಬದಲಾದಾಗ ಹಳೆಯ ಫಿಲ್ಟರಿನ ಲೆಕ್ಕವೂ ತಪ್ಪುತ್ತದೆ, ವಿಶಾಲ ಬಣ್ಣವ್ಯಾಪ್ತಿಯ ಮಾನಿಟರುಗಳಲ್ಲಿ ಇನ್ನೂ ಹೆಚ್ಚು ತಪ್ಪುತ್ತದೆ. ನಿಮ್ಮ ಉಪಕರಣ ಮತ್ತು ನಿಮ್ಮ ಮಾನಿಟರ್ ಮಾದರಿ ಎರಡಕ್ಕೂ ಹೊಂದುವ ಸಿಸಿಎಂಎಕ್ಸ್ ತಿದ್ದುಪಡಿ ಕಡತ ಸಿಕ್ಕಿದರೆ ಅದನ್ನು ಆರಿಸಿ. ಸಿಸಿಎಸ್‌ಎಸ್ ಎಂಬ, ಮಾನಿಟರಿನ ವರ್ಣಪಟಲವನ್ನು ದಾಖಲಿಸಿದ ಕಡತಗಳು ಸ್ಪೈಡರ್ 3 ಅಥವಾ ಅದಕ್ಕೂ ಹಿಂದಿನ ಉಪಕರಣಗಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಗುರಿಯಾಗಿ 6500 ಕೆಲ್ವಿನ್, ಗಾಮಾ (ಕಪ್ಪಿನಿಂದ ಬಿಳಿಯವರೆಗೆ ಬೆಳಕು ಏರುವ ಬಗೆ) 2.2, ಬೆಳಕು ಚದರ ಮೀಟರಿಗೆ 120 ಕ್ಯಾಂಡೆಲಾ ಇಟ್ಟುಕೊಳ್ಳಿ. ಕತ್ತಲಾದ ಕೋಣೆಯಲ್ಲಿ ಮುದ್ರಣಕ್ಕಾಗಿಯೇ ಕೆಲಸ ಮಾಡುವವರಿಗೆ 80ರಿಂದ 100 ಸಾಕು. ಫಿಲ್ಟರು ಮಾಸಿದ ನನ್ನ ಉಪಕರಣವನ್ನು ನಾನು ಪೂರ್ತಿ ಕೈಬಿಡಲಿಲ್ಲ. ಕಪ್ಪಿನಿಂದ ಬಿಳಿಯವರೆಗಿನ ಬೂದು ಮೆಟ್ಟಿಲುಗಳ ನಡುವಿನ ಅಂತರವನ್ನು ಅದು ಈಗಲೂ ಚೆನ್ನಾಗಿ ಅಳೆಯುತ್ತದೆ. ತಪ್ಪುವುದು ಬಿಳಿಯ ಬಣ್ಣದಲ್ಲಿ ಮಾತ್ರ. ಹಾಗಾಗಿ ಮೋಡ ಮುಸುಕಿದ ಮಧ್ಯಾಹ್ನ ಕಿಟಕಿಯ ಬಳಿ ಮುದ್ರಣದ ಕಾಗದವನ್ನು ಹಿಡಿದು, ಡಿಸ್‌ಪ್ಲೇಕ್ಯಾಲ್‌ನ ಬಿಳಿ ಹೊಂದಿಸುವ ವಿಂಡೋದಲ್ಲಿ ಪರದೆಯ ಬಿಳುಪು ಕಾಗದದ ಬಿಳುಪಿಗೆ ಸಮನಾಗುವವರೆಗೆ ಕಣ್ಣಿನಿಂದಲೇ ತಿದ್ದಿ, ಆ ಬಿಳಿಯನ್ನು ಅದೇ ಉಪಕರಣದಿಂದ ಅಳೆದು ಅದನ್ನೇ ಗುರಿಯಾಗಿ ಇಟ್ಟೆ. ಆಮೇಲೆ ಹುಬ್ಬಳ್ಳಿಯಿಂದ ಬಂದ ಪ್ರತಿಯನ್ನು ಪರದೆಯ ಪಕ್ಕದಲ್ಲಿ ಹಿಡಿದಾಗ ಕಾವಿ ಕಾವಿಯಾಗಿಯೇ ಇತ್ತು, ಸುಣ್ಣ ಸುಣ್ಣವಾಗಿಯೇ ಇತ್ತು.

ಕೆಲಸ ಮುಗಿದ ಮೇಲೆ ಉಪಕರಣವನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಪೊಟ್ಟಣಗಳನ್ನು ಮಳೆಗಾಲದ ನಡುವೆ ಒಮ್ಮೆಯಾದರೂ ಬದಲಿಸಿ.