ಓಣಿ ಮಕ್ಕಳಿಗೆ ಮೊದಲು ಸನ್ನೆ ಕಲಿಸಿದೆ: ನನ್ನ ಅನುಭವ

ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರಿಗೆ ಆಪರೇಷನ್ ಮಾಡಿ ಒಳಗಿವಿಗೆ ಕೂಡಿಸುವ ಯಂತ್ರ) ಆದ ಮಕ್ಕಳಿಗೆ ಸನ್ನೆ ಭಾಷೆ ಕಲಿಸಿದರೆ ಮಾತು ನಿಂತೇಹೋಗುತ್ತದೆ ಎಂದು ಹುಬ್ಬಳ್ಳಿಯಲ್ಲಿ ನನಗೆ ಹೇಳದವರಿಲ್ಲ. ಮಾತು ಕಲಿಸುವ ಥೆರಪಿ ಮಾಡುವವರು ಹೇಳಿದರು, ಅಜ್ಜಿಯರೂ ಹೇಳಿದರು. ಈಗ ನಮ್ಮ ಭಾನುವಾರದ ಗುಂಪಿನಲ್ಲಿ ಹತ್ತು-ಹನ್ನೆರಡು ಇಂಪ್ಲಾಂಟ್ ಮಕ್ಕಳಿದ್ದಾರೆ. ಮ್ಯಾಪಿಂಗ್ (ಮಗುವಿಗೆ ತಕ್ಕಂತೆ ಯಂತ್ರದ ಶಬ್ದ ಹೊಂದಿಸುವುದು), ಥೆರಪಿ ಯಾರೂ ಬಿಟ್ಟಿಲ್ಲ. ಒಬ್ಬರ ಮಾತೂ ನಿಂತಿಲ್ಲ. ಗೆಳೆಯರು ಮಾತ್ರ ಜಾಸ್ತಿಯಾಗಿದ್ದಾರೆ.

ಶುರುವಿನಲ್ಲಿ ಇಂಪ್ಲಾಂಟ್ ಮಕ್ಕಳು ಓಣಿಯ ಮಕ್ಕಳ ಜೊತೆ ಆಡಲಿ ಎಂದು ಒಂದು ಹಾಲ್ ಬಾಡಿಗೆ ಹಿಡಿದಿದ್ದೆ. ತಿಂಗಳಿಗೆ ಮೂರು ಸಾವಿರದ ಹತ್ತಿರ. ಮೇಲೆ ತಗಡು, ಸುತ್ತ ಬರೀ ಗೋಡೆ. ಇಪ್ಪತ್ತು ಮಕ್ಕಳು ಕೂಗಿದರೆ, ಹೊರಗಿನಿಂದ ಶಬ್ದ ಹಿಡಿದು ಇಂಪ್ಲಾಂಟಿಗೆ ಕಳಿಸುವ ಪ್ರೊಸೆಸರ್‌ಗೆ ಎಲ್ಲವೂ ಗದ್ದಲವೇ, ಅಲ್ವಾ? ಥೆರಪಿ ಕೋಣೆಯಲ್ಲಿ ಚಂದ ಮಾತಾಡುವ ಹುಡುಗಿ ಇಲ್ಲಿ ಮೂಲೆ ಹಿಡಿದು ಸುಮ್ನೆ ಕೂತಿರುತ್ತಿದ್ದಳು. ಆಮೇಲೆ ಇಂಪ್ಲಾಂಟ್ ಮಕ್ಕಳನ್ನಷ್ಟೇ ಕೂಡಿಸಿ ನೋಡಿದೆ. ಅಲ್ಲಿ ನಕ್ಕರು, ಆಡಿದರು. ಮನೆಗೆ ಹೋದರೆ ಓಣಿಯಲ್ಲಿ ಮತ್ತೆ ಒಂಟಿ. ಕೊಟ್ಟ ಬಾಡಿಗೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಆಗ ಓಣಿಯ ಕಿವಿ ಕೇಳುವ ಮಕ್ಕಳಿಗೇ ಸನ್ನೆ ಕಲಿಸಲು ನಿಂತೆ. ಧಾರವಾಡದಿಂದ ಒಬ್ಬ ಕಿವುಡ ತರುಣರನ್ನು ಕರೆಸಿದೆ. ವಾರಕ್ಕೆ ಐನೂರು, ಮೇಲೆ ಚಿಗರಿ ಬಸ್ಸಿನ ಚಾರ್ಜು. ಪಾಲಕರ ಹತ್ತಿರ ಕೇಳಲು ಮನಸ್ಸಾಗಲಿಲ್ಲ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯಲ್ಲಿ ಆಪರೇಷನ್ ಪುಕ್ಕಟೆ ಆದರೂ ಪ್ರೊಸೆಸರಿನ ಸೆಲ್ಲಿಗೆ ತಿಂಗಳಿಗೆ ಸಾವಿರದ ಮೇಲೆ ಹೋಗುತ್ತದೆ. ಕೇಬಲ್ ಕೆಟ್ಟರೆ ಮತ್ತೆ ಸಾವಿರಗಟ್ಟಲೆ. ಹಾಲ್ ಬಿಟ್ಟು ಬಯಲಿಗೆ ಬಂದೆ, ಆ ಬಾಡಿಗೆಯಲ್ಲೇ ಆ ತರುಣರ ಸಂಬಳ ಹೊಂದಿತು.

ಅವರು ಮೊದಲು ಪ್ರತಿ ಮಗುವಿಗೂ ಒಂದು ಸನ್ನೆಯ ಹೆಸರು ಇಟ್ಟರು. ಕೇಳುವ ಮಕ್ಕಳಿಗೆ ಅದೇ ಹುಚ್ಚು ಹಿಡಿಯಿತು. ಆಮೇಲೆ ಲಗೋರಿ. ಯಾರೂ ಬಾಯಿ ಬಿಡುವಂತಿಲ್ಲ, ಕೈಯಲ್ಲೇ ಮಾತು. ಚೆಂಡು ಅರಿವೆಯದು, ತಲೆಗೆ ತಾಗಿದರೂ ಭಯವಿಲ್ಲ. ಜೋಡಿ ಹೇಗೆ ಹಾಕುತ್ತೇನೆ ಎಂಬುದರಲ್ಲೇ ಅರ್ಧ ಕೆಲಸ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ದೆಹಲಿಯ ಭಾರತೀಯ ಸನ್ನೆ ಭಾಷಾ ಕೇಂದ್ರ 2021ರಲ್ಲಿ 10,000 ಪದಗಳ ವಿಡಿಯೊ ನಿಘಂಟು ತಂದಿತಲ್ಲ, ಅದರಿಂದ ದಿನಾ ನಾಲ್ಕೈದು ಪದ ತಾಯಂದಿರಿಗೆ ಕಳಿಸಿದೆ. ಯಾರೂ ನೋಡಲಿಲ್ಲ. ಅಡುಗೆಮನೆ, ಸ್ನಾನ, ಜಗಳದ ಪದಗಳನ್ನಷ್ಟೇ ಆರಿಸಿ ಕಳಿಸಿದಾಗ ಅವರೇ ಇನ್ನಷ್ಟು ಕೇಳಿದರು.

ಸನ್ನೆ ಕಲಿಸಿದ್ದು ಸರಿ ಎಂದು ರಂಗಪಂಚಮಿಗೆ ನನಗೆ ಪಕ್ಕಾ ಆಯಿತು. ಬಣ್ಣದ ನೀರಿಗೆ ಹೆದರಿ ಪ್ರೊಸೆಸರ್ ಬಿಚ್ಚಿಡುತ್ತಾರೆ. ಬಿಚ್ಚಿದರೆ ಮಗುವಿಗೆ ಏನೂ ಕೇಳದು. ಹಿಂದಿನ ವರ್ಷ ಕಿಟಕಿಯಲ್ಲೇ ನಿಂತಿದ್ದ ಹುಡುಗ ಈ ಸಲ ಮಧ್ಯಾಹ್ನದವರೆಗೆ ಓಣಿಯ ಗುಂಪಿನಲ್ಲಿದ್ದ, ಸನ್ನೆಯಲ್ಲೇ ಜಗಳ ಆಡುತ್ತ. ಸನ್ನೆ ಬೇಡವೆಂದಿದ್ದ ಅವನ ಥೆರಪಿಸ್ಟ್ ಈಗ ಬೇರೆ ಪಾಲಕರನ್ನೂ ನಮ್ಮ ಬಯಲಿಗೆ ಕಳಿಸುತ್ತಿದ್ದಾರೆ.