ಹಾಸ್ಟೆಲ್‌ಗೊಂದು ‘ಬೇಕು–ಕೊಡ್ತೇನೆ’ ಬೋರ್ಡ್

ಮಂಗಳೂರಿನ ನಮ್ಮ ಲೇಡೀಸ್ ಹಾಸ್ಟೆಲ್‌ನ ಪೋಸ್ಟರುಗಳನ್ನೆಲ್ಲ ನಾನೇ ಮಾಡುವುದು. ‘ನಾವೆಲ್ಲ ಒಂದೇ’ ಅಂತ ಬರೆದು ಸುಮ್ನೆ ಹೂವು ಬಿಡಿಸಿದರೆ ಯಾರೂ ಹತ್ತಿರವಾಗುವುದಿಲ್ಲ. ಸಹಾಯ ಕೇಳುವುದು ಸುಲಭವಾಗಬೇಕು, ಅಷ್ಟೇ. ಅದಕ್ಕೇ ಈ ಬೋರ್ಡ್: ಸಹಾಯ ಬೇಕಾದವರು ಒಂದು ಕಡೆ, ಕೊಡುವವರು ಇನ್ನೊಂದು ಕಡೆ ಬರೆಯುವುದು.

ಎ3 ಹಾಳೆ ಸಾಕು, 29.7 × 42 ಸೆಂ.ಮೀ. ಅಡ್ಡಲಾಗಿಟ್ಟು ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಬೇಕು’, ಬಲಕ್ಕೆ ‘ಕೊಡ್ತೇನೆ’. ಲ್ಯಾಮಿನೇಟ್ ಮಾಡಿಸಲೇಬೇಕು, ನಮ್ಮ ಜೂನ್–ಜುಲೈ ಮಳೆಗೆ ಬರೀ ಕಾಗದ ಸುರುಟಿಕೊಳ್ಳುತ್ತದೆ. ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆದು ಒರೆಸಬಹುದು.

ವಾರ್ಡನ್ ರೂಮಿನ ಪಕ್ಕ ಹಾಕಬೇಡಿ. ಅಲ್ಲಿ ಯಾರು ಬರೀತಾರೆ? ನೀರಿನ ಫಿಲ್ಟರ್ ಹತ್ತಿರ, ಕಣ್ಣಿನ ಎತ್ತರಕ್ಕೆ ಇರಲಿ. ಬಾಟಲಿ ತುಂಬುವಷ್ಟು ಹೊತ್ತು ಎಲ್ಲರೂ ಓದುತ್ತಾರೆ. ಹೆಸರು ಬೇಡ, ರೂಮ್ ನಂಬರ್ ಸಾಕು: ‘ಪರೀಕ್ಷೆ ಭಯ. ಯಾರಾದರೂ ಜೊತೆಗೆ ಕೂತು ಓದ್ತೀರಾ? – 12’. ಕಡುನೀಲಿ ಮಾರ್ಕರ್ ಒಳ್ಳೆಯದು. ಹಳದಿ ದೂರಕ್ಕೆ ಕಾಣುವುದಿಲ್ಲ. ಮಾರ್ಕರನ್ನು ದಾರದಲ್ಲಿ ಕಟ್ಟಿಡಿ, ಇಲ್ಲದಿದ್ದರೆ ಸಂಜೆಯೊಳಗೆ ಮಾಯ.